ನೇರಳೆ ಮೇಡಂ ಮತ್ತು ಎರಡು ಹನಿ ಅಸಿಟೋನ್

ಸಾವಯವ ರಸಾಯನಶಾಸ್ತ್ರದಲ್ಲಿ ಮುಕ್ತ ರ್‍ಯಾಡಿಕಲ್‌ಗಳ ವರ್ತನೆಯನ್ನು, ಅದರಲ್ಲೂ ಹೈಡ್ರೋಜನ್ ಬಂಧವೆಂಬ ಒಂದು ಸಣ್ಣ ಹಿಡಿತ ಆ ವರ್ತನೆಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು, ಮೂವತ್ತಮೂರು ವರ್ಷ ಒಂದೇ ಕೋಣೆಯಲ್ಲಿ ಕೂತು ಅಳೆದವರು ನಮ್ಮ ಮೇಡಂ. ಈ ಕ್ಷೇತ್ರದಲ್ಲಿ ದುಡಿಯುವವರು ಅವರ ಕೋಷ್ಟಕಗಳನ್ನು ತೆರೆಯದೆ ಒಂದು ಹೆಜ್ಜೆಯನ್ನೂ ಮುಂದಿಡಲಾರರು. ಇಷ್ಟನ್ನು ಸಲೀಸಾಗಿ ಬರೆದೆ. ಮುಂದೆ ಬರೆಯಲು ಹೋಗಿ ನಾಲ್ಕು ಸಲ ಕಾಗದ ಹರಿದಿದ್ದೇನೆ. ಮೇಡಂ ನಿವೃತ್ತಿಯ ನೆನಪಿಗೆ ಹೊರಡುತ್ತಿರುವ ಈ ಅಭಿನಂದನ ಗ್ರಂಥದ ಸಂಪಾದಕರಾದ ನನ್ನ ಸಹೋದ್ಯೋಗಿ ದಿನಕ್ಕೆರಡು ಸಲ ಬಾಗಿಲಲ್ಲಿ ತಲೆಹಾಕಿ "ಆಯ್ತಾ ಸಾರ್?" ಎಂದು ಕೇಳುತ್ತಾರೆ. ಎದ್ದು ಕಿಟಕಿ ತೆರೆಯುತ್ತೇನೆ, ಮತ್ತೆ ಮುಚ್ಚುತ್ತೇನೆ, ಲೇಖನ ಮಾತ್ರ ಇದ್ದಲ್ಲೇ ಇರುತ್ತದೆ.

ವಿಷಯ ಗೊತ್ತಿಲ್ಲದವರಿಗಾಗಿ ಎರಡು ಮಾತು. ಎಣ್ಣೆ ಕಮಟುವುದಕ್ಕೂ ರಬ್ಬರು ಬಿರಿಯುವುದಕ್ಕೂ ಕಾರಣ ಮುಕ್ತ ರ್‍ಯಾಡಿಕಲ್‌ಗಳು. ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನನ್ನು ಹೊತ್ತು ತಿರುಗುವ ಇವು ಸಿಕ್ಕಿದ ಕಡೆಯಿಂದ ಒಂದು ಹೈಡ್ರೋಜನ್ ಪರಮಾಣುವನ್ನು ಕಿತ್ತುಕೊಳ್ಳುವ ತನಕ ಸುಮ್ಮನಿರುವುದಿಲ್ಲ. ಫೀನಾಲ್ ಎಂಬ ಬಗೆಯ ಸಂಯುಕ್ತಗಳು ತಮ್ಮ ಹೈಡ್ರೋಜನ್ ಕೊಟ್ಟು ಅವುಗಳ ಹಾವಳಿ ನಿಲ್ಲಿಸುತ್ತವೆ. ಆದರೆ ಆ ಹೈಡ್ರೋಜನ್ ಮೊದಲೇ ಪಕ್ಕದ ಆಮ್ಲಜನಕವೊಂದಕ್ಕೆ ಅಂಟಿಕೊಂಡಿದ್ದರೆ ಕೀಳುವುದು ಕಷ್ಟ, ದೊಡ್ಡವರ ಬೆರಳು ಹಿಡಿದು ನಿಂತ ಮಗುವನ್ನು ಕರೆದುಕೊಂಡು ಹೋಗುವುದು ಕಷ್ಟವಾಗುವ ಹಾಗೆ. ಆ ಅಂಟನ್ನೇ ಹೈಡ್ರೋಜನ್ ಬಂಧ ಎನ್ನುತ್ತೇವೆ. ಅದರಿಂದ ಎಷ್ಟು ನಿಧಾನವಾಗುತ್ತದೆ ಎಂಬುದೇ ಮೇಡಂ ಅವರ ಜೀವಮಾನದ ಪ್ರಶ್ನೆ.

ಅವರು ಅಳೆಯುತ್ತಿದ್ದ ರೀತಿ ಕಣ್ಣಿಗೆ ಹಬ್ಬ. ಸೀಸೆಯಲ್ಲಿ ಕೆಡದೆ ಉಳಿಯುವ ಅಪರೂಪದ ರ್‍ಯಾಡಿಕಲ್ ಒಂದಿದೆ, ಕಡು ನೇರಳೆ ಬಣ್ಣದ್ದು. ಗಾಜಿನ ಪುಟ್ಟ ಸೆಲ್ಲಿನಲ್ಲಿ ಅದಕ್ಕೆ ಫೀನಾಲ್ ಬೆರೆಸಿದರೆ ನೇರಳೆ ಮಾಸಿ ಹಳದಿಯಾಗುತ್ತದೆ. ಮಾಸಲು ಹಿಡಿಯುವ ಸಮಯವೇ ಉತ್ತರ. ಸದಾ ಬೆರಳ ತುದಿ ನೇರಳೆಯಾಗಿರುತ್ತಿದ್ದುದರಿಂದ ಅವರಿಗೆ ನೇರಳೆ ಮೇಡಂ ಎಂದು ಹೆಸರಿಟ್ಟವರು ನಮಗಿಂತ ಹಿಂದಿನ ವಿದ್ಯಾರ್ಥಿಗಳು. ಅದು ತಮಗೆ ಗೊತ್ತೇ ಇಲ್ಲವೆಂಬಂತೆ ಅವರು ಇಂದಿಗೂ ನಟಿಸುತ್ತಾರೆ.

ನಾನು ಅವರ ಬಳಿ ಸಂಶೋಧನೆಗೆ ಸೇರಿದ ವರ್ಷವೇ ನನ್ನ ತಾಯಿ ಆಸ್ಪತ್ರೆ ಸೇರಿದರು. ಹದಿನೈದು ದಿನ ನಾನು ಕಾಲೇಜಿನ ಕಡೆ ತಲೆಹಾಕಲಿಲ್ಲ. ಮರಳಿ ಬಂದಾಗ ನನ್ನ ನೋಟ್‌ಬುಕ್ಕಿನಲ್ಲಿ ಹದಿನೈದು ದಿನದ ಅಳತೆಗಳೂ ಇದ್ದವು, ಪ್ರತಿ ಪುಟದ ತಲೆಯಲ್ಲಿ ಮೇಡಂ ಕೈಬರಹದಲ್ಲಿ "ಅಳೆದದ್ದು ನಾನು, ಪ್ರಯೋಗ ಇವನದು" ಎಂಬ ಷರಾದೊಂದಿಗೆ. ಯಾರು ಏನು ಮಾಡಿದರು ಎಂಬ ವಿಷಯದಲ್ಲಿ ಅವರು ಅಷ್ಟು ಕಟ್ಟುನಿಟ್ಟು. ಪಾತ್ರೆ ತೊಳೆಯುವುದರಲ್ಲಂತೂ ಕೇಳುವುದೇ ಬೇಡ. ಗಡಿಯಾರ ರಿಪೇರಿ ಮಾಡುವ ಅವರ ಯಜಮಾನರು ಒಮ್ಮೆ ನಮ್ಮ ಮುಂದೆಯೇ ಹೇಳಿದ್ದರು: "ನಮ್ಮನೇಲಿ ಪಾತ್ರೆ ತೊಳೆಯೋದು ನಾನೇ ಕಣ್ರಪ್ಪಾ. ಇವಳಿಗೆ ಬಿಟ್ರೆ ಒಂದು ಲೋಟಕ್ಕೆ ಅರ್ಧ ಗಂಟೆ."

ಇನ್ನು ಸುತ್ತಿ ಬಳಸಿ ಪ್ರಯೋಜನವಿಲ್ಲ, ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ.

ಸೇವೆಯ ಹನ್ನೆರಡನೆಯ ವರ್ಷದಲ್ಲಿ ಮೇಡಂ ಒಂದು ಪ್ರಬಂಧ ಬರೆದರು. ಜೊತೆಗೆ ನನ್ನ ಹೆಸರೂ ಇತ್ತು. ಅಣುವಿನ ಒಳಗೇ ಹೈಡ್ರೋಜನ್ ಬಂಧವಿರುವ ಒಂಬತ್ತು ಫೀನಾಲ್‌ಗಳನ್ನು ತಯಾರಿಸಿ, ಅಂಥ ಬಂಧವಿಲ್ಲದ ಫೀನಾಲ್‌ನೊಂದಿಗೆ ಹೋಲಿಸಿದ್ದೆವು. ಎಲ್ಲರ ನಿರೀಕ್ಷೆಗೂ ವಿರುದ್ಧವಾಗಿ ಎರಡೂ ಬಗೆಯವು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ವರ್ತಿಸಿದವು. ಒಳಬಂಧ ಲೆಕ್ಕಕ್ಕಿಲ್ಲ ಎಂಬ ಈ ಮಾತು ದೊಡ್ಡ ಸುದ್ದಿಯೇ ಆಯಿತು. ಪತ್ರಿಕೆ ಒಪ್ಪಿಕೊಂಡಿತು, ಅಚ್ಚಿಗೂ ಹೋಯಿತು. ಆ ತಿಂಗಳಲ್ಲೇ ಮೇಡಂ ಅವರ ಬಡ್ತಿಯ ಕಡತ ಸಮಿತಿಯ ಮುಂದಿತ್ತು. ನನಗೆ ಇದೇ ವಿಭಾಗದಲ್ಲಿ ಅಧ್ಯಾಪಕ ಹುದ್ದೆಯ ಸಂದರ್ಶನ ನಿಗದಿಯಾಗಿತ್ತು.

ಅಳತೆ ಮಾಡಿದ್ದವನು ನಾನು. ಸೆಲ್ಲುಗಳನ್ನು ನೀರಿನಲ್ಲಿ ತೊಳೆದು, ಬೇಗ ಆರುವ ದ್ರಾವಕವಾದ ಅಸಿಟೋನ್‌ನಲ್ಲಿ ಜಾಲಿಸಿ, ಬಿಸಿ ಒಲೆಯಲ್ಲಿಟ್ಟು ಒಣಗಿಸಬೇಕೆಂಬುದು ಮೇಡಂ ನಿಯಮ. ಒಲೆ ಕೆಟ್ಟಿತ್ತು, ನನಗೆ ಆತುರವಿತ್ತು. ಮೂರು ಸಲ ಕೊಡವಿ, ಒಣಗಿತೆಂದು ಬಳಸಿದೆ. ಒಂದು ಸಂಜೆ ಹಳೆಯ ಸೆಲ್ಲೊಂದು ಒಡೆದು, ಪೆಟ್ಟಿಗೆಯಿಂದ ಹೊಸದನ್ನು ತೆಗೆದು ಬಂಧವಿಲ್ಲದ ಫೀನಾಲ್ ಹಾಕಿದೆ. ನಲವತ್ತೆಂಟು ಸೆಕೆಂಡಿನಲ್ಲಿ ಮಾಸಬೇಕಿದ್ದ ನೇರಳೆ ಹನ್ನೆರಡರಲ್ಲೇ ಮಾಸಿತು. ತೊಳೆದಿಟ್ಟ ಸೆಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ತೊಳೆದ ಸೆಲ್ಲುಗಳ ತಳದಲ್ಲಿ ಪ್ರತಿ ಸಲವೂ ಒಂದೆರಡು ಹನಿ ಅಸಿಟೋನ್ ಉಳಿದಿತ್ತು. ಅದರಲ್ಲಿರುವ ಆಮ್ಲಜನಕವು ಒಳಬಂಧವಿಲ್ಲದ ಫೀನಾಲ್‌ನ ಹೈಡ್ರೋಜನನ್ನು ಹಿಡಿದುಕೊಂಡು ನಿಧಾನ ಮಾಡಿತ್ತು. ಒಳಬಂಧವಿದ್ದವು ಮೊದಲೇ ನಿಧಾನವಾಗಿದ್ದರಿಂದ ಅವಕ್ಕೆ ಅಂಥ ವ್ಯತ್ಯಾಸವಾಗಿರಲಿಲ್ಲ. ಅದೇ ಕೈ, ಅದೇ ಮೂರು ಕೊಡವು, ಹಾಗಾಗಿ ತಪ್ಪು ಕೂಡ ಎಲ್ಲ ಸಲವೂ ಒಂದೇ ಅಳತೆಯದು. ನಮ್ಮ ದೊಡ್ಡ ಸುದ್ದಿ ಪಾತ್ರೆ ಸರಿಯಾಗಿ ಒಣಗದ ಸುದ್ದಿಯಾಗಿತ್ತು.

ಮೇಡಂಗೆ ಹೇಳಲಿಲ್ಲ. ಹನ್ನೊಂದು ದಿನ ಹೇಳಲಿಲ್ಲ. ಅವರು ತರಗತಿಗೆ ಹೋದಾಗಲೆಲ್ಲ ಹೊಸ ಸೆಲ್ಲುಗಳಲ್ಲಿ ಹತ್ತೂ ಫೀನಾಲ್‌ಗಳನ್ನು ಮತ್ತೆ ಅಳೆದು, ಅಂಕಿಗಳನ್ನು ಬೇರೊಂದು ಹಾಳೆಯಲ್ಲಿ ಬರೆದು ಚೀಲಕ್ಕೆ ಸೇರಿಸಿಕೊಂಡೆ. ಒಂಬತ್ತನೆಯ ದಿನ ಸಂದರ್ಶನವಾಯಿತು. ಆ ಪ್ರಬಂಧವನ್ನೇ ಮುಂದಿಟ್ಟುಕೊಂಡು ಅರ್ಧ ಗಂಟೆ ನಿರರ್ಗಳವಾಗಿ ಮಾತಾಡಿದೆ. ಕೆಲಸ ಸಿಕ್ಕಿತು.

ಹನ್ನೆರಡನೆಯ ದಿನ ಮೇಡಂ ಬೇರಾವುದಕ್ಕೋ ಒಂದು ಸೆಲ್ಲು ಎತ್ತಿಕೊಂಡವರು ಅಭ್ಯಾಸಬಲದಿಂದ ಮೂಗಿಗೆ ಹಿಡಿದರು.

"ಅಸಿಟೋನ್ ವಾಸನೆ ಬರ್ತಿದೆಯಲ್ಲೋ" ಎಂದರು.

"ಹೌದಾ ಮೇಡಂ?" ಎಂದೆ.

ಹೇಳಿದ್ದು ಎರಡೇ ಪದ. ಆಶ್ಚರ್ಯ ತುಂಬಿಕೊಂಡು ಹೇಳಿದೆ. ಅವರು ನಂಬಿದರು. ಅಂದೇ ಪತ್ರಿಕೆಗೆ ಕಾಗದ ಬರೆದು ಪ್ರಬಂಧವನ್ನು ಹಿಂತೆಗೆದುಕೊಂಡರು. "ನನ್ನ ಪ್ರಯೋಗಾಲಯದಲ್ಲಿ ಪಾತ್ರೆಗಳ ಮೇಲೆ ನಾನು ಇಟ್ಟ ನಿಗಾ ಸಾಲದಾಯಿತು" ಎಂಬ ವಾಕ್ಯದ ಕೆಳಗೆ ಅವರೊಬ್ಬರದೇ ಸಹಿ. ಬಡ್ತಿಯ ಕಡತ ಹಿಂದಕ್ಕೆ ಬಂತು, ಆಮೇಲೂ ಎರಡು ಸಲ ಹಾಗೇ ಬಂತು. ಅವರು ಈಗ ಬರೀ ಸಹಪ್ರಾಧ್ಯಾಪಕಿಯಾಗಿಯೇ ನಿವೃತ್ತರಾಗುತ್ತಿದ್ದಾರೆ. ನಾನು ಪ್ರಾಧ್ಯಾಪಕನಾದೆ, ವಿಭಾಗದ ಮುಖ್ಯಸ್ಥನೂ ಆದೆ. ಆರು ವರ್ಷ ಅವರ ರಜೆ ಚೀಟಿಗಳಿಗೆ ಸಹಿ ಹಾಕಿದವನು ನಾನೇ.

ಕಳೆದ ತಿಂಗಳು ಇನ್ನು ತಡೆಯಲಾಗದೆ ಅವರ ಕೋಣೆಗೆ ಹೋದೆ. ಸೀಸೆಗಳನ್ನು ಒಪ್ಪಿಸಿ ಹೋಗಲು ಒಂದೊಂದಕ್ಕೂ ಚೀಟಿ ಅಂಟಿಸುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ಅತ್ತುಬಿಡಬಹುದು, ಇಲ್ಲವೇ "ನನಗೆ ಅವತ್ತೇ ಗೊತ್ತಿತ್ತು ಬಿಡೋ" ಎಂದು ಬೆನ್ನು ತಟ್ಟಬಹುದು ಎಂದೆಲ್ಲ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಅವರಿಗೆ ಗೊತ್ತಿರಲಿಲ್ಲ.

"ಹನ್ನೊಂದು ದಿನ ಕೈಕಟ್ಟಿ ಕೂತಿದ್ಯಾ?" ಎಂದರು.

"ಇಲ್ಲ ಮೇಡಂ. ಹೊಸ ಸೆಲ್ಲಲ್ಲಿ ಎಲ್ಲಾನೂ ಮತ್ತೆ ಅಳೆದಿದ್ದೆ."

ಚೀಟಿ ಅಂಟಿಸುತ್ತಿದ್ದ ಕೈ ನಿಂತಿತು. "ಹತ್ತೂ? ಎಷ್ಟು ಬಂತು?"

"ಒಳಬಂಧ ಇರೋವು ನಾಲ್ಕು ಪಟ್ಟು ನಿಧಾನ."

ಅವರ ಮುಖ ಕೆಂಪಾಯಿತು. ಬಡ್ತಿ ತಪ್ಪಿದಾಗಲೂ ಆ ಮುಖ ನಾನು ಕಂಡಿರಲಿಲ್ಲ. "ಆ ನಾಲ್ಕನ್ನ ಹುಡುಕೋಕೆ ನಂಗೆ ಎರಡು ವರ್ಷ ಹಿಡೀತು. ತಪ್ಪು ಬರೀ ಸೆಲ್ಲಿಂದಾ, ಫೀನಾಲ್‌ದೂ ಇದೆಯಾ, ದ್ರಾವಕದ್ದೂ ಇದೆಯಾ ಅಂತ ಗೊತ್ತಾಗದೆ ಒಂಬತ್ತನ್ನೂ ಮೊದಲಿಂದ ಮಾಡಿದೆ. ನೀನೂ ಜೊತೆಗೆ ನಿಂತು ಬಟ್ಟಿ ಇಳಿಸಿಕೊಟ್ಟೆ. ಅಷ್ಟರಲ್ಲಿ ಬೇರೆಯವರು ಅಚ್ಚು ಹಾಕಿಸಿಬಿಟ್ರು. ಬಡ್ತಿ ಹಾಳಾಗಿ ಹೋಗ್ಲಿ ಕಣೋ. ಉತ್ತರ ನಿನ್ನ ಚೀಲದಲ್ಲಿತ್ತು!"

ಇಷ್ಟು ವರ್ಷ ಅವರ ಬಡ್ತಿಯನ್ನು ಕಿತ್ತುಕೊಂಡೆನೆಂದು ಒಳಗೊಳಗೇ ಬೇಯುತ್ತಿದ್ದೆ. ಕಿತ್ತುಕೊಂಡದ್ದು ಅದಕ್ಕಿಂತ ದೊಡ್ಡದೆಂಬುದು ಆಗಲೇ ನನಗೆ ತಿಳಿದದ್ದು.

"ಹಾಳೆ ಇದೆಯಾ?" ಎಂದು ಕೇಳಿದರು. ಇತ್ತು, ಮರುದಿನ ಕೊಟ್ಟೆ. ಕನ್ನಡಕ ಏರಿಸಿ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದರು. "ಅಳತೆ ಚೆನ್ನಾಗಿದೆ" ಎಂದರು. ಅದಕ್ಕಿಂತ ಎರಡೇಟು ಹೊಡೆದಿದ್ದರೆ ವಾಸಿಯಿತ್ತು. ಕ್ಷಮಿಸುತ್ತೀರಾ ಎಂದು ಕೇಳಿಯೂ ಬಿಟ್ಟೆ.

"ಗೊತ್ತಿಲ್ಲಪ್ಪ, ನೋಡ್ಬೇಕು. ಪುಸ್ತಕಕ್ಕೆ ಏನೋ ಬರೀತಿದ್ದೀಯಂತಲ್ಲ, ಇದನ್ನೇ ಬರಿ. ಹೊಗಳಿಕೆ ಬೇರೆಯವರು ನೋಡ್ಕೋತಾರೆ."

ಬರೆದಿದ್ದೇನೆ. ಸಂಪಾದಕರು ಮುಖ ಸಿಂಡರಿಸಬಹುದು, ನನ್ನ ವಿದ್ಯಾರ್ಥಿಗಳು ನಾಳೆ ಬೇರೆ ಕಣ್ಣಿಂದ ನೋಡಬಹುದು, ಮೇಲಿನವರು ವಿವರಣೆ ಕೇಳಬಹುದು. ಕೇಳಲಿ. ಮೇಡಂ ನಿವೃತ್ತಿಯ ನಂತರವೂ ಪ್ರಯೋಗಾಲಯದಲ್ಲಿ ಒಂದು ಮೇಜು ಬೇಕೆಂದು ಅರ್ಜಿ ಕೊಟ್ಟಿದ್ದಾರೆ. "ಮಾನ್ಯ ಮುಖ್ಯಸ್ಥರಿಗೆ" ಎಂದು ಶುರುವಾಗುವ ಆ ಅರ್ಜಿಗೆ ನಿನ್ನೆ ಸಹಿ ಹಾಕಿದೆ. ನೀರಿನಲ್ಲಿ ರ್‍ಯಾಡಿಕಲ್‌ಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದು ಅವರ ಮುಂದಿನ ಕೆಲಸ, ಅದು ಸಾಂಗವಾಗಿ ನಡೆಯಲಿ. ಅವರಿಗೆ ಆರೋಗ್ಯವಿರಲಿ, ಯಜಮಾನರ ಜೊತೆ ನೂರು ವರ್ಷ ಬಾಳಲಿ. ಎಲ್ಲರೂ ಹಾರೈಸುವುದನ್ನೇ ನಾನೂ ಹಾರೈಸುತ್ತಿದ್ದೇನೆ, ಆದರೆ ನನ್ನ ಹಾರೈಕೆಯಲ್ಲಿ ಸ್ವಾರ್ಥವಿದೆ. ಅವರು ನನ್ನನ್ನು ಇನ್ನೂ ಕ್ಷಮಿಸಿಲ್ಲ.