ಚಲುವಯ್ಯನ ಅಳತೆಗಡ್ಡಿ

ಚನ್ನರಾಯಪಟ್ಟಣದಲ್ಲಿ ಸೈಕಲ್ ಚಕ್ರ ಕಟ್ಟುವ ಚಲುವಯ್ಯ ಹಾಲನ್ನು ಸೋಸಿ, ನೀರನ್ನು ಮೂಸಿ ಕುಡಿಯುವ ಆಸಾಮಿ. ಪೊಟ್ಟಣದ ಮೇಲೆ ಬರೆದ ಅಳತೆಯನ್ನು ಒಮ್ಮೆಯೂ ನಂಬಿದವನಲ್ಲ. ಬಾಗಿಲಿಗೆ ನೇತುಹಾಕಿದ ಹಳೆಯ ಸ್ಪೋಕ್ ಕಡ್ಡಿಯೊಂದೇ ಅವನಿಗೆ ಪ್ರಮಾಣ.

ನುಗ್ಗೇಹಳ್ಳಿಯಿಂದ ಸೈಕಲ್ಲಿನಲ್ಲಿ ತೆಂಗಿನಕಾಯಿ ಮೂಟೆ ತರುವ ಶಿವರಾಜುವಿನ ಹಿಂದಿನ ಚಕ್ರ ಸೊಟ್ಟಗಾಗಿತ್ತು. ಅವನು ಹಾಸನಕ್ಕೆ ಹೋಗಿ ಹೊಸ ಅಲ್ಯೂಮಿನಿಯಂ ರಿಮ್ಮನ್ನೂ ಚಲುವಯ್ಯ ಹೇಳಿದ ಅಳತೆಯ ನಲವತ್ತು ಕಡ್ಡಿಗಳನ್ನೂ ತಂದ. ಮಾರನೆಯ ದಿನ ಕಾಯಿ ತರದಿದ್ದರೆ ಗಿರಾಕಿ ಕೈತಪ್ಪುತ್ತಿದ್ದ.

“ಅಂಗಡಿಯೋನು ಗಿಡ್ಡ ಕಡ್ಡಿ ಬೆರೆಸಿರ್ತಾನೆ ಕಣ್ಲಾ,” ಎಂದು ಚಲುವಯ್ಯ ಒಂದೊಂದನ್ನೂ ಹಳೆಯ ಕಡ್ಡಿಗೆ ಹಿಡಿದು ನೋಡಿದ. ನಲವತ್ತೂ ಸರಿಯಾಗಿದ್ದವು. ಅವನ ಮುಖ ಇಂಗು ತಿಂದ ಮಂಗನಂತಾಯಿತು.

“ಅಂಗಾರೆ ಕಟ್ಟಣ್ಣ, ಇನ್ನೇನು ಪಂಚಾಯ್ತಿ ಸೇರುಸ್ಬೇಕಾ?” ಎಂದ ಶಿವರಾಜು.

ನಾಲ್ಕು ಕಡ್ಡಿ ಬಿಗಿಯುವಷ್ಟರಲ್ಲಿ ತುದಿಗಳು ರಿಮ್ಮಿನೊಳಗೆ ಮುಳ್ಳಿನಂತೆ ಎದ್ದವು. ಟ್ಯೂಬು ಹಾಕಿದರೆ ತೂತು ಖಂಡಿತ. ಚಲುವಯ್ಯ ಹಳೆಯ ರಿಮ್ಮನ್ನು ಹೊಸದರ ಮೇಲಿಟ್ಟು ನೋಡಿದ. ಹೊರಸುತ್ತು ಒಂದೇ, ಆದರೆ ಹೊಸದರ ಒಳಗುಂಡಿ ಅರ್ಧ ಬೆರಳು ಹೆಚ್ಚು ಆಳ, ಕಡ್ಡಿ ಕೂರುವ ತೂತು ಚಕ್ರದ ನಡುವಿಗೆ ಅಷ್ಟು ಹತ್ತಿರ. ಅದಕ್ಕೆ ಗಿಡ್ಡ ಕಡ್ಡಿಯೇ ಬೇಕಿತ್ತು.

“ಅಳತೆ ಹೇಳಿ ಕಳ್ಸಿದ್ದು ನೀನೇ ಅಲ್ವೇನಣ್ಣ?” ಎಂದ ಶಿವರಾಜು.

ಚಲುವಯ್ಯ ತನ್ನ ಡಬ್ಬದಲ್ಲಿದ್ದ ಗಿಡ್ಡ ಕಡ್ಡಿಗಳನ್ನು ತೆಗೆದು ಸಂಜೆಯೊಳಗೆ ಚಕ್ರ ಕಟ್ಟಿಕೊಟ್ಟ. ಸೈಕಲ್ಲು ಹೊರಡುವಾಗ ಬಾಗಿಲಿನ ಹಳೆಯ ಕಡ್ಡಿಯನ್ನು ಅನುಮಾನದಿಂದ ನೋಡಿ, “ಇನ್ಮ್ಯಾಕೆ ರಿಮ್ ನೋಡ್ದೆ ಅಳತೆ ಹೇಳುದ್ರೆ ನನ್ನೂ ನಂಬಬ್ಯಾಡ ಕಣ್ಲಾ,” ಎಂದ.