ಹದಿನೇಳನೆಯವನು

ಎರಡು ಸಾವಿರದ ಆರರಲ್ಲಿ ನಮ್ಮ ಮಾವ, ನನ್ನ ಗಂಡನ ತಂದೆ, ಮೈಸೂರಿನಿಂದ ಸ್ಯಾನ್ ಡಿಯಾಗೋಗೆ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಕಾಲೇಜಿನಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ನಾವಿದ್ದ ಫೋರ್ ಎಸ್ ರ್ಯಾಂಚ್ ಬಡಾವಣೆಯಲ್ಲಿ ಕಾರಿಲ್ಲದೆ ತರಕಾರಿ ಅಂಗಡಿಗೂ ಹೋಗುವಂತಿಲ್ಲ. ಎರಡೇ ವಾರಕ್ಕೆ ಅವರಿಗೆ ಬೇಸರ ಹತ್ತಿತು, ಅವರ ಬೇಸರ ನೋಡಿ ನನಗೆ ತಲೆನೋವು ಹತ್ತಿತು. ಹಾಗಾಗಿ ಹತ್ತನೇ ತರಗತಿಯಲ್ಲಿದ್ದ ಮಗಳು ಫ್ರಾನ್ಸಿನ ರಾಜರ ಚಾರ್ಟ್ ಮಾಡಬೇಕು ಅಂದಾಗ, ದೇವರೇ ಕಳಿಸಿದ ಹೋಂವರ್ಕ್ ಅಂದುಕೊಂಡೆ.

ಮಾವ ಊಟದ ಮೇಜಿನ ಮೇಲೆ ಚಾರ್ಟ್ ಹರಡಿಕೊಂಡು ಪರೀಕ್ಷೆಗೆ ಬರೆಸುವ ಹಾಗೇ ಬರೆಸಿದರು. ಪಟ್ಟಕ್ಕೆ ಬಂದದ್ದು, ಮಾಡಿದ ಯುದ್ಧ, ಸತ್ತದ್ದು. ಹದಿನಾಲ್ಕನೇ ಲೂಯಿ ನಾಲ್ಕು ವರ್ಷದವನಿದ್ದಾಗ ಪಟ್ಟವೇರಿ ಎಪ್ಪತ್ತೆರಡು ವರ್ಷ ಆಳಿದ, ಮಗನೂ ಮೊಮ್ಮಗನೂ ಕಣ್ಣೆದುರೇ ಹೋದರು, ಕೊನೆಗೆ ಮರಿಮಗ ಹದಿನೈದನೆಯವನಾದ. ಅವನ ಮೊಮ್ಮಗ ಹದಿನಾರನೆಯವನ ತಲೆಯನ್ನೇ ಕ್ರಾಂತಿಕಾರರು ತೆಗೆದರು. ಮಗಳು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು, ಅವರು ಕನ್ನಡದಲ್ಲಿ ಹೇಳುತ್ತಿದ್ದರು. ಇಬ್ಬರಿಗೂ ಅದರಿಂದ ತೊಂದರೆಯಾದಂತೆ ಕಾಣಲಿಲ್ಲ. ನಾನು ಅಲ್ಲೇ ಹುರುಳಿಕಾಯಿ ಹೆಚ್ಚುತ್ತಿದ್ದೆ.

ಹದಿನಾರಾದ ಮೇಲೆ ಮಾವ ಹದಿನೆಂಟು ಬರೆಯಲು ಹೇಳಿದರು. ಹದಿನೇಳು ಎಲ್ಲಿ ಅಂತ ಮಗಳು ಕೇಳಿದಳು. ಅವನು ಹದಿನಾರನೆಯವನ ಮಗ, ಅಪ್ಪನನ್ನು ಕೊಂದಾಗ ಸೆರೆಯಲ್ಲಿದ್ದ, ಅಲ್ಲೇ ಹತ್ತನೇ ವಯಸ್ಸಿಗೆ ತೀರಿಹೋದ, ಒಂದು ದಿನವೂ ಸಿಂಹಾಸನದ ಮೇಲೆ ಕೂರಲಿಲ್ಲ, ಬಿಟ್ಟುಬಿಡು ಅಂದರು. ಹಾಗಾದರೆ ಮುಂದಿನವನು ಹದಿನೆಂಟು ಹೇಗಾದ ಅಂತ ಅವಳು ಪಟ್ಟು ಹಿಡಿದಳು. ಮುಂದಿನವನು ಆ ಹುಡುಗನ ಚಿಕ್ಕಪ್ಪ, ಅಣ್ಣನ ಮಗನನ್ನೂ ಲೆಕ್ಕಕ್ಕೆ ಹಿಡಿದು ತನ್ನನ್ನು ಹದಿನೆಂಟನೆಯವನು ಅಂತ ಕರೆದುಕೊಂಡ ಎಂದು ಮಾವ ವಿವರಿಸಿದರು.

ನನ್ನ ಕೈ ನಿಂತಿತು. ಮಗಳಿಗಿಂತ ನಾಲ್ಕು ವರ್ಷ ಮೊದಲು ಮೈಸೂರಿನಲ್ಲಿ ನನಗೊಂದು ಗಂಡುಮಗು ಹುಟ್ಟಿ, ಒಂಬತ್ತು ದಿನ ಇದ್ದು ಹೋಗಿತ್ತು. ಹಲ್ಲು ಬರದ ಮಗುವನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ, ಶ್ರಾದ್ಧವಿಲ್ಲ, ತಿಥಿಯಿಲ್ಲ. ಎತ್ತಿಕೊಂಡು ಹೋದವರು ಮಾವನೇ. ವಾಪಸ್ ಬಂದು ಸ್ನಾನ ಮಾಡಿ, ಇನ್ನು ಈ ಮಾತು ಮನೆಯಲ್ಲಿ ಬೇಡ ಅಂದಿದ್ದರು. ಹತ್ತೊಂಬತ್ತು ವರ್ಷ ಆ ಮಾತನ್ನು ಯಾರೂ ಎತ್ತಲಿಲ್ಲ. ಮಗಳಿಗೆ ಗೊತ್ತೇ ಇರಲಿಲ್ಲ. ಇಲ್ಲಿ ಯಾರು ಎಷ್ಟು ಮಕ್ಕಳು ಅಂತ ಕೇಳಿದರೂ ಒಬ್ಬಳೇ ಅನ್ನುತ್ತಿದ್ದೆ, ಅಂದ ಮೇಲೆ ಇಡೀ ದಿನ ಮನೆಯವರ ಮೇಲೆ ಸಿಡುಕುತ್ತಿದ್ದೆ. ನನಗೆ ಅವನೂ ಲೆಕ್ಕದಲ್ಲಿರಬೇಕಿತ್ತು.

“ಅವನನ್ನೂ ಬರ್ಸಿ ಮಾವ,” ಅಂದೆ. “ಆಳ್ದೇ ಇದ್ರೂ ಇದ್ದ ತಾನೆ.”

ದನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. ಮಾವನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ತುಂಬ ಹೊತ್ತು ಒರೆಸುತ್ತಲೇ ಇದ್ದರು. ಆಮೇಲೆ ಮೊಮ್ಮಗಳ ಕಡೆ ತಿರುಗಿದರು.

“ಬರ್ಕೊ ಪುಟ್ಟಿ. ನಿಂಗೂ ಒಬ್ಬ ಅಣ್ಣ ಇದ್ದ. ಒಂಬತ್ತು ದಿನ.”

ಅವಳು ನನ್ನ ಮುಖ ನೋಡಿದಳು. ಅವನ ಹೆಸರೇನು ಅಂತ ಇಂಗ್ಲಿಷಿನಲ್ಲೇ ಕೇಳಿದಳು. ನಾಮಕರಣ ಹನ್ನೆರಡನೇ ದಿನ ಮಾಡುವುದು, ಅಲ್ಲಿಯವರೆಗೆ ಅವನಿರಲಿಲ್ಲ, ಹೆಸರು ಇಡಲಿಲ್ಲ ಅಂತ ಮಾವ ತಲೆ ತಗ್ಗಿಸಿ ಹೇಳಿದರು.

ಆದರೆ ನಾನು ಇಟ್ಟಿದ್ದೆ. ಆಸ್ಪತ್ರೆಯಲ್ಲಿ ಹಾಲು ಕುಡಿಸುವಾಗ ಅವನ ಕಿವಿಯಲ್ಲಿ ಹೇಳಿದ್ದೆ. ಗಂಡನಿಗೂ ತಿಳಿಸಿರಲಿಲ್ಲ. ಚಾಕು ಕೆಳಗಿಟ್ಟು, ಅವರಿಬ್ಬರಿಗೂ ಕೇಳುವ ಹಾಗೆ ಆ ಹೆಸರು ಹೇಳಿದೆ.