ಯಾರೂ ನೋಡದಾಗ ಬಿದ್ದ ಹೂವು

ಹನುಮಪ್ಪನನ್ನು ನಂಬಿದ ನಿಮ್ಮೆಲ್ಲರ ಮುಂದೆ ಇದನ್ನು ಹೇಳಿಕೊಳ್ಳಬೇಕೆನಿಸಿದೆ. ಹೋದ ವರ್ಷ ಸೈಪ್ರೆಸ್ ಊರಿನ ನಮ್ಮ ಮನೆಯಲ್ಲಿ ತಂದೆ ಮಗಳ ನಡುವೆ ಮಾತೇ ನಿಂತುಹೋಗಿತ್ತು. ಹೈಸ್ಕೂಲು ಮುಗಿಸುತ್ತಿದ್ದ ಪಲ್ಲವಿಗೆ ದೂರದ ಆಸ್ಟಿನ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತ್ತು. ಅವಳಿಗೆ ಬೇಕಾದದ್ದು ಇಲ್ಲಿಯದೇ ಕಮ್ಯುನಿಟಿ ಕಾಲೇಜಿನ ಪ್ಯಾರಾಮೆಡಿಕ್ ಕೋರ್ಸು, ಆಂಬುಲೆನ್ಸಿನಲ್ಲಿ ಹೋಗಿ ರೋಗಿಗಳನ್ನು ನೋಡುವ ಕೆಲಸ. "ಡಾಕ್ಟರ್ ಆಗ್ತಾಳೇನ್ರಿ?" ಎಂದವರಿಗೆಲ್ಲ ನಮ್ಮವರು, "ಇಲ್ರಿ, ರೋಗಿನ್ನ ಡಾಕ್ಟರ್ ಹತ್ರ ಮುಟ್ಟಸಾಕಿ" ಎಂದು ಸಿಡುಕುತ್ತಿದ್ದರು.

ಸೀಟು ಒಪ್ಪಿಕೊಳ್ಳುವ ಕೊನೆಯ ದಿನ ಬಂತು. ದಾರಿ ಕಾಣದೆ ಹನುಮಪ್ಪನ ಮೂರ್ತಿಯ ತಲೆಯ ಮೇಲೆ ಹೂವಿಟ್ಟು ಪ್ರಸಾದ ಕೇಳಿದೆವು. ಅವನ ಬಲಕ್ಕೆ ಬಿದ್ದರೆ ಆಸ್ಟಿನ್, ಎಡಕ್ಕೆ ಬಿದ್ದರೆ ಆಂಬುಲೆನ್ಸ್.

ಇಟ್ಟ ಕೂಡಲೇ ಬಲಕ್ಕೆ ಬಿತ್ತು.

"ನೋಡು! ದೇವ್ರು ತಡಾನ ಮಾಡ್ಲಿಲ್ಲ!" ಎಂದರು ನಮ್ಮವರು.

ಪಲ್ಲವಿ ಮೇಲೆ ಕೈ ತೋರಿಸಿದಳು. "ಅಪ್ಪಾ, ಇಟ್ಸ್ ದಿ ಏಸಿ."

ನಿಜ, ಏಸಿಯ ಗಾಳಿ ನೇರ ಮೂರ್ತಿಯ ತಲೆಗೇ ಬೀಸುತ್ತಿತ್ತು. ನಮ್ಮವರು ಎಂಜಿನಿಯರ್. ಪ್ರಯೋಗದ ದೋಷ ಒಪ್ಪಿಕೊಂಡು ಏಸಿ ಬಂದ್ ಮಾಡಿದರು. ಮತ್ತೆ ಹೂವಿಟ್ಟೆವು. ಈಗ ಅದು ಅಲುಗಲೇ ಇಲ್ಲ. ಉತ್ತರ ಬರುವ ಮೊದಲು ಏಳುವಂತಿಲ್ಲ, ಏಸಿ ಹಾಕುವಂತಿಲ್ಲ. ಮೂವರೂ ಬೆವರಿ ತೊಪ್ಪೆಯಾದೆವು. "ಯಾವ ಕಡೆಯಾದರೂ ಸರಿ, ಇವರಿಬ್ಬರನ್ನು ಮೊದಲಿನಂತೆ ಮಾತಾಡಿಸಪ್ಪಾ" ಎಂದು ಬೇಡಿಕೊಂಡೆ. ಆಗಲೇ ಬೇಡಿದೆನೋ, ಆಮೇಲೆ ನೆನಪಿಗೆ ಸೇರಿಸಿಕೊಂಡೆನೋ, ಆಣೆ ಮಾಡಲಾರೆ.

ಸುಮ್ಮನಿರಲಾಗದೆ ನಮ್ಮವರೇ ಮಗಳನ್ನು ಕೇಳಿದರು. "ರಕ್ತ ಕಂಡ್ರ ಏನ್ ಮಾಡ್ತಿ ನೀ?"

"ಐ ಡೋಂಟ್ ಫೇಂಟ್, ಅಪ್ಪಾ. ಯು ಡು."

ರಕ್ತ ಪರೀಕ್ಷೆಗೆ ಹೋಗಿ ಎಚ್ಚರ ತಪ್ಪಿ ಕುರ್ಚಿಯಿಂದ ಜಾರಿದವರು ಇವರೇ. ನನಗೆ ನಗು ತಡೆಯಲಿಲ್ಲ. ಅವರಿಗೂ. "ಹಂಗಾದಾಗ ಏನ್ ಮಾಡ್ಬೇಕು?" ಎಂದರು. ಪಲ್ಲವಿ ಅವರನ್ನು ಧೋತರದ ಸಮೇತ ಕಾರ್ಪೆಟ್ ಮೇಲೆ ಮಲಗಿಸಿ, ಕಾಲ ಕೆಳಗೆ ದಿಂಬಿಟ್ಟು, ನಾಡಿ ಹಿಡಿದಳು.

"ಜೀವಂತ ಅದೀನಿಲ್ಲ ಇನ್ನೂ?" ಎಂದರು.

"ಸ್ಟಿಲ್ ಟಾಕಿಂಗ್. ಸೋ, ಯೆಸ್."

ನಕ್ಕು ಸುಸ್ತಾಗಿ ತಿರುಗಿ ನೋಡಿದರೆ ಹೂವು ಬಿದ್ದು, ಉರುಳಿ, ಹನುಮಪ್ಪನ ಪಾದಗಳ ನಡುವೆ ಕೂತಿತ್ತು. ಯಾವ ಕಡೆಯಿಂದ ಬಿತ್ತೆಂದು ಯಾರೂ ನೋಡಿರಲಿಲ್ಲ.

"ಮತ್ತೊಮ್ಮೆ ಕೇಳೋಣೇನ್ರಿ?" ಎಂದೆ.

ಮಲಗಿದಲ್ಲಿಂದಲೇ ಕೈಮುಗಿದರು. "ಸಾಕು ಬಿಡು. ಎಷ್ಟು ಸಲ ಕೇಳೂದು ಅವಂಗ?" ಆಮೇಲೆ ಮಗಳಿಗೆ, "ಕ್ಲಾಸ್ ಎಷ್ಟಕ್ಕ? ನಾನ ಡ್ರಾಪ್ ಮಾಡ್ತೇನಿ."

ಹೂವು ಬಿದ್ದದ್ದನ್ನು ಎಲ್ಲರೂ ಕೃಪೆ ಎನ್ನುತ್ತಾರೆ. ಅಷ್ಟು ಹೊತ್ತು ಅದನ್ನು ಬೀಳದಂತೆ ಹಿಡಿದುಕೊಂಡಿದ್ದ ಹನುಮಪ್ಪನಿಗೆ ನನ್ನ ಸಾಷ್ಟಾಂಗ ನಮಸ್ಕಾರ.